ಹಲವಾಗಲು ಉಚ್ಚಂಗೆಪ್ಪ ಮತ್ತು ಆಕಾಶದ ಟಾಪ್ ಗೇರು

ಮೊದಲ ಸಲ ವಿಮಾನ ಹತ್ತಿದವರನ್ನು ನೋಡಿ ಮೂರನೇ ಸಲ ಹತ್ತಿದವರು ನಗುತ್ತಾರಲ್ಲ, ಆ ನಗುವಿನ ಮೇಲೆ ನನಗೆ ಸಿಟ್ಟಿದೆ. ಗೊತ್ತಿಲ್ಲದ ಗಾಡಿಯಲ್ಲಿ, ಗೊತ್ತಿಲ್ಲದವನ ಕೈಗೆ ಜೀವ ಕೊಟ್ಟು ಕೂತವನಿಗೆ ಒಂದು ಮಾತು ಕೇಳುವ ಹಕ್ಕಿದೆ: ಮುಂದೇನಾಗುತ್ತದೆ? ಇದಕ್ಕೆ ನಮ್ಮ ಮಾತಿನಲ್ಲಿ ಉತ್ತರ ಹೇಳುವ ಜವಾಬ್ದಾರಿಯನ್ನು ಯಾರೂ ಹೊರುವುದಿಲ್ಲ. ಹೆದರಿದವನ ಮುಖವನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚುವ ಕೆಲಸಕ್ಕೆ ಮಾತ್ರ ನಾ ಮುಂದೆ ತಾ ಮುಂದೆ. ಅದಕ್ಕೇ ಉಚ್ಚಂಗೆಪ್ಪನ ಕಥೆ ಬರೆಯುತ್ತಿದ್ದೇನೆ. ನಗಬೇಕೆನಿಸಿದರೆ ನಗಿರಿ, ಈಗ ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಾನೆ. ಆದರೆ ಪೂರ್ತಿ ಓದಿ ನಗಿರಿ.

ಉಚ್ಚಂಗೆಪ್ಪ ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ, ಹೊಳೆಯ ದಂಡೆಗೆ. ಅಪ್ಪ ಕುರಿ ಕಾಯುತ್ತಿದ್ದ. ಮಗನಿಗೆ ಕುರಿಗಳಿಗಿಂತ, ಕುರಿ ದಾಟುವಾಗ ಹಾರ್ನ್ ಹೊಡೆಯುತ್ತ ನಿಲ್ಲುತ್ತಿದ್ದ ಲಾರಿಗಳ ಮೇಲೆ ಪ್ರೀತಿ. ಈಗ ಹರಪನಹಳ್ಳಿಯಿಂದ ಕೊಟ್ಟೂರು ಹಾಯ್ದು ಕೂಡ್ಲಿಗಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ವಯಸ್ಸು ಐವತ್ತು ದಾಟಿದೆ, ದನಿ ಹಾರ್ನನ್ನೂ ದಾಟಿದೆ. ಸೀಟಿನ ಮೇಲೆ ಅಪ್ಪನ ಕರಿ ಕಂಬಳಿ ಮಡಿಚಿ ಹಾಕಿಕೊಂಡು ಕೂರುತ್ತಾನೆ. ಬಸ್ಸು ತುಂಬಿ ತುಳುಕುತ್ತಿದ್ದರೂ ಹತ್ತುವವರಿಗೆ ಇಲ್ಲವೆನ್ನುವುದಿಲ್ಲ. "ಬರ್ರೆವ್ವಾ, ಜಾಗ ಐತಿ. ಇಲ್ಲದಿದ್ರ ನಮ್ಮ ಹಂಪೇಶನ ತಲಿ ಮ್ಯಾಲ ಕುಂದುರ್ರಿ, ಅದು ಹೆಂಗಿದ್ರೂ ಖಾಲಿ ಐತಿ" ಎನ್ನುತ್ತಾನೆ. ಹಂಪೇಶ ಬಸ್ಸಿನ ಕಂಡಕ್ಟರ್.

ಇಂಥ ಗಂಡಸಿಗೆ ಒಂದು ಕೆಲಸ ಮಾತ್ರ ಆಗುತ್ತಿರಲಿಲ್ಲ: ಇನ್ನೊಬ್ಬ ಓಡಿಸುವ ಗಾಡಿಯಲ್ಲಿ ಕೂರುವುದು. ಮದುವೆ ದಿಬ್ಬಣದ ಬಸ್ಸು ಬಂದರೆ ತಾನು ಮೋಟರ್ ಸೈಕಲ್ಲಿನಲ್ಲಿ ಅದರ ಹಿಂದೆ ಹೋಗುತ್ತಿದ್ದ. ಆಟೋ ಹತ್ತುತ್ತಿರಲಿಲ್ಲ. ಹೆಂಡತಿಯ ತಮ್ಮ ಹೊಸ ಕಾರು ತಂದಾಗ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟು, "ಕೀಲಿ ಕೊಡು, ನಾನ ಒಂದು ಸುತ್ತು ಹೊಡಕೊಂಡು ಬರ್ತೀನಿ" ಎಂದು ಮಾಲೀಕನನ್ನೇ ಹಿಂದೆ ಕೂರಿಸಿಕೊಂಡು ಹೋಗಿದ್ದ.

ಇದಕ್ಕೆ ಕಾರಣವಿದೆ. ಅವನು ಹೊಸದಾಗಿ ಲೈಸನ್ಸ್ ಮಾಡಿಸಿದ್ದ ಕಾಲದಲ್ಲಿ ಯರ್ರೆಪ್ಪ ಎಂಬ ಹಿರಿಯ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದ. ಕೂಡ್ಲಿಗಿ ಕಡೆಯ ಒಂದು ಉದ್ದ ಇಳಿಜಾರು. ಇಳಿಜಾರು ಬಂತೆಂದರೆ ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು ಎಂಜಿನ್ ಬಂದ್ ಮಾಡಿ ಬಿಟ್ಟುಬಿಡುವುದು ಆಗಿನ ಡ್ರೈವರುಗಳ ಚಟ. ಡೀಸೆಲ್ ಉಳಿಸಿದವನನ್ನು ಮಾಲೀಕ ಬೆನ್ನು ತಟ್ಟಿ ಹೊಗಳುತ್ತಿದ್ದ. ಜನ ಉಳಿಸಿದವನನ್ನು ಹೊಗಳಿದ ಮಾಲೀಕನನ್ನು ನಾನಂತೂ ಕಂಡಿಲ್ಲ. ಯರ್ರೆಪ್ಪನೂ ಹಾಗೇ ಮಾಡಿದ. ಎಂಜಿನ್ನಿನ ಸದ್ದು ನಿಂತು ಬಸ್ಸು ತಣ್ಣಗೆ ಜಾರತೊಡಗಿತು. "ಆಹಾ, ಎಷ್ಟು ಹಗುರ ಹೊಂಟೈತಿ" ಎಂದು ಹಿಂದೆ ಯಾರೋ ಅಂದರು. ಕೆಳಗೆ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಬಸ್ಸು ಜಾಲಿಯ ಮೆಳೆಯಲ್ಲಿ ಮಗ್ಗುಲಾಗಿ ಮಲಗಿತು. ಜೀವ ಹೋಗಲಿಲ್ಲ, ಉಚ್ಚಂಗೆಪ್ಪನ ಎಡ ಮೊಣಕೈ ಹೋಯಿತು. ಆ ಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ.

ಅಂದಿನಿಂದ ಅವನ ಕಿವಿಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ಎಂಜಿನ್ ಒದರುತ್ತಿದ್ದರೆ ಜೀವ ಇದೆ. ಸದ್ದು ಇಳಿಯಿತೆಂದರೆ ಮುಗಿಯಿತು.

ಅವನಿಗೆ ಒಬ್ಬಳೇ ತಂಗಿ, ಭರಮಮ್ಮ. ಕೊಟ್ಟದ್ದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಗೆ. ಅಣ್ಣನದು ಹಾರ್ನಿನ ದನಿಯಾದರೆ ಅವಳದು ಕುರಿಗಳನ್ನು ಗುಡ್ಡದ ಆಚೆಯಿಂದ ಕರೆಯುವ ದನಿ. ಆ ದನಿ ಕಳೆದ ವರ್ಷದಿಂದ ಇಳಿಯುತ್ತ ಬಂತು. ನಾಲ್ಕು ಹೆಜ್ಜೆಗೆ ಏದುಸಿರು, ಕಾಲಿಗೆ ಬಾವು. ಎದೆಯೊಳಗಿನ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ಬದಲಿಸಬೇಕು ಎಂದರು ಡಾಕ್ಟರು. ಹತ್ತಿರದಲ್ಲೆಲ್ಲೂ ಅವಳಿಗೆ ಪಾಳಿ ಸಿಗಲಿಲ್ಲ. ಅಲ್ಲಿ ಹೋಗ್ರಿ, ಇಲ್ಲಿ ಹೋಗ್ರಿ ಎನ್ನಿಸಿಕೊಂಡು ಕೊನೆಗೆ ಹೈದರಾಬಾದಿನ ಒಂದು ಆಸ್ಪತ್ರೆ ಒಪ್ಪಿಕೊಂಡಿತು. ಎದೆ ಕೆಟ್ಟ ಬಡವಿ ತನ್ನ ರಾಜ್ಯ ದಾಟಿ ಹೋಗಿ ಮಲಗಬೇಕಾದದ್ದನ್ನು ಸಾಧನೆ ಎನ್ನುವವರಿದ್ದರೆ ಎದುರಿಗೆ ಬರಲಿ, ಮಾತಾಡೋಣ.

ಭರಮಮ್ಮನ ಮಗಳು ಶಿವಲೀಲಾ ಜೊತೆಗೆ ಹೋದಳು. ಆಪರೇಶನ್ ಗುರುವಾರ ಎಂದಿದ್ದರು. ಬುಧವಾರ ರಾತ್ರಿ ಆಸ್ಪತ್ರೆಯಲ್ಲಿರುತ್ತೇನೆ ಎಂದು ಉಚ್ಚಂಗೆಪ್ಪ ಮಾತು ಕೊಟ್ಟಿದ್ದ. ಮಾಲೀಕರ ಜೀಪು ಇಸಿದುಕೊಂಡು ತಾನೇ ಓಡಿಸಿಕೊಂಡು ಹೋಗುವುದು ಅವನ ಯೋಜನೆ. ಆ ಮಾತು ಸುಮ್ಮನೆ ಕೊಟ್ಟದ್ದಲ್ಲ. ಅವರ ಮನೆತನದಲ್ಲಿ ಹೆಣ್ಣುಮಗಳು ಹೆರಿಗೆಗೆ ಒಳಹೋಗುವಾಗ, ದೊಡ್ಡ ಬೇನೆಗೆ ಮದ್ದು ತೆಗೆದುಕೊಳ್ಳುವಾಗ ತವರಿನವರು ಬಂದು ಹಣೆಗೆ ಮೈಲಾರಲಿಂಗನ ಭಂಡಾರ ಹಚ್ಚಬೇಕು. ಅರಿಶಿನದ ಪುಡಿ, ಅಷ್ಟೇ. ಆದರೆ ತವರಿನ ಕೈಯಿಂದಲೇ ಆಗಬೇಕು. ಅಪ್ಪ ಅವ್ವ ಇಲ್ಲ. ಭರಮಮ್ಮನಿಗೆ ತವರೆಂದರೆ ಈ ಅಣ್ಣನೊಬ್ಬ.

ಮಂಗಳವಾರ ಬೆಳಿಗ್ಗೆ ಬಸ್ಸು ಕೂಡ್ಲಿಗಿ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಶಿವಲೀಲಾಳ ಫೋನು ಬಂತು.

"ಮಾಮಾ, ಆಪರೇಶನ್ ಇವತ್ತ ಮಾಡ್ತಾರಂತ. ಸಂಜಿ ಮುಂದ ಒಳಗ ಒಯ್ತಾರ. ಡಾಕ್ಟರು ನಾಳೆ ಪರದೇಶಕ್ಕ ಹೊಂಟಾರ, ಇವತ್ತು ತಪ್ಪಿದ್ರ ಮತ್ತ ಅವರು ಬಂದಮ್ಯಾಲ ಅಂತ. ಅಷ್ಟು ದಿನ ಇಕಿ ತಡಿಯಂಗಿಲ್ಲಂತ."

"ಆತು, ಮಾಡ್ಸವ್ವಾ."

"ಅವ್ವ ಒಲ್ಲೆ ಅಂತಾಳ ಮಾಮಾ. ಅಣ್ಣ ಬಂದು ಭಂಡಾರ ಹಚ್ಚೋತನಕ ಮಂಚ ಬಿಟ್ಟು ಏಳಂಗಿಲ್ಲ ಅಂತ ಹಟ ಹಿಡದಾಳ. ನಾ ಫೋನಿನ್ಯಾಗ ಟಿಕೀಟ್ ಮಾಡೀನಿ. ಮಧ್ಯಾಹ್ನ ಸಣ್ಣ ವಿಮಾನ ಐತಿ, ಬಳ್ಳಾರಿ ಕಡಿಯಿಂದ. ಬಂದುಬಿಡು."

ಉಚ್ಚಂಗೆಪ್ಪ ಬಸ್ಸಿನ ಬಾನೆಟ್ಟಿಗೆ ಒರಗಿ ನಿಂತ. ಜೀಪಿನಲ್ಲಿ ಹೊರಟರೆ ಮುಟ್ಟುವಷ್ಟರಲ್ಲಿ ಸಂಜೆ ಹೋಗಿ ರಾತ್ರಿಯಾಗುತ್ತದೆ. ಬೇರೆ ದಾರಿಯೇ ಇರಲಿಲ್ಲ. ಇದ್ದದ್ದು ಒಂದೇ ದಾರಿ, ಅದು ನೆಲದ ಮೇಲಿರಲಿಲ್ಲ, ಸ್ಟೇರಿಂಗು ಅವನ ಕೈಯಲ್ಲಿರಲಿಲ್ಲ.

ಸ್ಟ್ಯಾಂಡಿನಲ್ಲೇ ಇದ್ದ ಮಾಲೀಕ ಗುರುಬಸವರಾಜ ಜೀಪಿನ ಬೀಗದ ಕೈ ಎಸೆದ. "ಹೋಗಲೇ ಉಚ್ಚಂಗಿ, ಬಸ್ಸು ನಾ ಒಯ್ತೀನಿ. ತಂಗಿ ಮುಖ ನೋಡು ಮೊದಲು."

ಹಂಪೇಶ ಜೀಪನ್ನು ವಾಪಸು ತರಲೆಂದು ಜೊತೆಗೆ ಹತ್ತಿದ. ಓಡಿಸಿದ್ದು ಉಚ್ಚಂಗೆಪ್ಪನೇ, ಅದನ್ನೇನೂ ಹೇಳಬೇಕಿಲ್ಲ. ಪಂಚೆಯ ಗಂಟಿನಲ್ಲಿ, ನಾಳೆಗೆಂದು ಕಟ್ಟಿಟ್ಟುಕೊಂಡಿದ್ದ ಭಂಡಾರದ ಸಣ್ಣ ಪೊಟ್ಟಣ, ಹೆಗಲ ಮೇಲೆ ಕಂಬಳಿ.

"ಅಣ್ಣಾ, ವಿಮಾನದಾಗ ಹಾರ್ನ್ ಇರಂಗಿಲ್ಲಂತ," ಹಂಪೇಶ ದಾರಿಯಲ್ಲಿ ಅಂದ.

"ಸುಮ್ಕಿರಲೇ."

"ಕಂಡಕ್ಟರೂ ಹೆಣ್ಮಕ್ಕಳಂತ. ನನ್ನಂಗ ಬೈಸ್ಕೊಳ್ಳಂಗಿಲ್ಲ ಅವ್ರು."

"ಸುಮ್ಕಿರ್ತೀಯೋ, ಜೀಪಿನಿಂದ ಇಳಿಸಲೋ?"

ಅಷ್ಟು ಹೇಳಿದವನು ಖಾಲಿ ರಸ್ತೆಯಲ್ಲೂ ಹಾರ್ನ್ ಹೊಡೆಯುತ್ತಲೇ ಹೋದ ಎಂದು ಹಂಪೇಶ ಆಮೇಲೆ ನನಗೆ ಹೇಳಿದ.

ನಿಲ್ದಾಣ ಸಣ್ಣದು. ತಪಾಸಣೆಯಲ್ಲಿ ಬೆಂಕಿಪೊಟ್ಟಣ ಬುಟ್ಟಿಗೆ ಹೋಯಿತು. ಭಂಡಾರದ ಪೊಟ್ಟಣವನ್ನು ಸಮವಸ್ತ್ರದವನು ಬಿಚ್ಚಿ ಮೂಸಿ ನೋಡಿ ಹಿಂದಿಯಲ್ಲಿ ಏನೋ ಕೇಳಿದ. ಉಚ್ಚಂಗೆಪ್ಪ ಬಸ್ಸಿನಲ್ಲಿ ಕಲಿತ ಹಿಂದಿ ತೆಗೆದ: "ದೇವರ ಕಾ ಹೈ ಸಾಬ್. ಮೈಲಾರ ಕಾ. ಬೆಹೆನ್ ಕೆ ವಾಸ್ತೆ." ಅದನ್ನು ಇನ್ನೊಮ್ಮೆ ಯಂತ್ರದಲ್ಲಿ ಹಾಯಿಸಿ ಕೊಟ್ಟರು. ಎರಡೂ ಕೈಯಲ್ಲಿ ಇಸಿದುಕೊಂಡು ಮತ್ತೆ ಗಂಟಿಗೆ ಸೇರಿಸಿದ.

ದೊಡ್ಡ ಊರುಗಳಲ್ಲಿ ಸುರಂಗದಂಥ ದಾರಿಯಲ್ಲಿ ನಡೆದು ವಿಮಾನದೊಳಗೆ ಹೋಗುತ್ತಾರಂತೆ. ಇಲ್ಲಿ ಬಿಸಿಲಲ್ಲಿ ಬಯಲು ದಾಟಿ ಹೋಗಬೇಕು. ಬಾಲದ ಹತ್ತಿರ ಸಣ್ಣ ಬಾಗಿಲು, ನಾಲ್ಕಾರು ಮೆಟ್ಟಿಲು. ಎಲ್ಲರೂ ಅತ್ತ ಹೋದರೆ ಉಚ್ಚಂಗೆಪ್ಪ ನೆಟ್ಟಗೆ ಮುಂದಕ್ಕೆ ನಡೆದ. ಡ್ರೈವರ್ ಬಾಗಿಲು ಮುಂದಿರುತ್ತದೆ, ಹತ್ತುವ ಮುನ್ನ ಓಡಿಸುವವನ ಮುಖ ಒಮ್ಮೆ ನೋಡಬೇಕು, ಇದು ಅವನ ನಿಯಮ. ಮುಂದಿನ ಬಾಗಿಲಿನಲ್ಲಿ ಚೀಲಗಳನ್ನು ತುಂಬುತ್ತಿದ್ದರು. ಪಕ್ಕದಲ್ಲೇ ಮೂರಾಳೆತ್ತರದ ಪಂಖ. ಯಾರೋ ಸೀಟಿ ಊದಿ, ಓಡಿಬಂದು ತೋಳು ಹಿಡಿದು ಹಿಂದಕ್ಕೆ ಕರೆತಂದರು. ಇಬ್ಬರು ಹುಡುಗರು ಆಗಲೇ ಮೊಬೈಲು ಎತ್ತಿದ್ದರು.

"ಏನ್ರಿ ಡ್ರೈವರಣ್ಣಾರ, ಇಲ್ಲೂ ನೀವ ಓಡಿಸ್ತೀರೇನು?"

ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದವಳು ಸುಕನ್ಯಾ. ಕೊಟ್ಟೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುತ್ತಾಳೆ. ಬೀಜದ ಕಂಪನಿಗಳ ವ್ಯವಹಾರಕ್ಕೆ ಆಗಾಗ ಹೈದರಾಬಾದಿಗೆ ಹೋಗಿಬರುವ ಹೆಂಗಸು. ಅವಳ ಅಂಗಡಿಯ ಎಷ್ಟೋ ಚೀಲಗಳು ಉಚ್ಚಂಗೆಪ್ಪನ ಬಸ್ಸಿನ ಮೇಲೇರಿ ಹಳ್ಳಿಗಳಿಗೆ ಹೋಗಿವೆ.

ಅವನು ಎರಡು ಮಾತಿನಲ್ಲಿ ತಂಗಿಯ ಆಪರೇಶನ್ನು, ಹಚ್ಚಬೇಕಾದ ಭಂಡಾರ ಎಲ್ಲ ಹೇಳಿದ. ಅವಳ ನಗು ನಿಂತಿತು. ಒಳಗೆ ಹೋದ ಮೇಲೆ, ಅವನ ಪಕ್ಕದಲ್ಲಿ ಕೂತಿದ್ದವನನ್ನು ಎಬ್ಬಿಸಿ ತನ್ನ ಸೀಟಿಗೆ ಕಳಿಸಿ, ತಾನು ಬಂದು ಕೂತಳು. ಅವನು ಕಿಟಕಿಗೆ, ಅವಳು ನಡುದಾರಿಗೆ. ಈ ವಿಮಾನದಲ್ಲಿ ಆ ಕಡೆ ಎರಡು ಈ ಕಡೆ ಎರಡು ಸೀಟು, ನೆತ್ತಿಗೆ ತಾಗುವ ಹಾಗೆ ಚಾವಣಿ. ಕಿಟಕಿಯಾಚೆ, ತಲೆಯ ಮೇಲ್ಗಡೆ ರೆಕ್ಕೆ. ರೆಕ್ಕೆಗೆ ಆ ಪಂಖ.

"ನಮ್ಮ ಬಸ್ಸಿಗಿಂತ ಇಕ್ಕಟ್ಟು ಐತಲ್ರಿ ಅಕ್ಕಾರ," ಉಚ್ಚಂಗೆಪ್ಪ ಅಂದ. ದನಿ ಗಟ್ಟಿಯೇ ಇತ್ತು. ಕೈ ಮಾತ್ರ ಮುಂದಿನ ಸೀಟನ್ನು ಹಿಡಿದಿತ್ತು, ಸೊಟ್ಟ ಮೊಣಕೈಯ ಕೈ.

ಆಚೆಯ ಪಂಖ ತಿರುಗತೊಡಗಿತು. ಇವನ ಕಡೆಯದು ಸುಮ್ಮನೆ ನಿಂತಿತ್ತು.

"ಇದು ಸ್ಟಾರ್ಟ್ ಆಗವಲ್ದು! ತಳ್ಳಬೇಕಾ ಹೆಂಗ?"

"ಒಂದಾದ ಮ್ಯಾಲೆ ಒಂದು ಚಾಲೂ ಮಾಡ್ತಾರ. ತಡೀರಿ." ಅವಳು ಹೇಳಿ ಮುಗಿಸುವುದರೊಳಗೆ ಇದೂ ತಿರುಗಿತು. ಸೀಟು, ನೆಲ, ಹಲ್ಲು ಎಲ್ಲ ಗುಂಯ್‌ಗುಡತೊಡಗಿದವು. "ಈ ಸಪ್ಪಳ, ಈ ನಡುಗು, ಇಳಿಯೋತನಕ ಇರ್ತೈತಿ. ಅದು ಇದರ ಸ್ವಭಾವ. ಓಡೋವಾಗ ಬೆನ್ನು ಸೀಟಿಗೆ ಒತ್ತತೈತಿ, ಹೊಟ್ಟಿ ಕೆಳಗ ಹೋದಂಗ ಆಗ್ತೈತಿ. ಅಷ್ಟ."

ಅಷ್ಟೇ ಅಲ್ಲ ಎಂಬುದು ಸುಕನ್ಯಾಳಿಗೂ ಗೊತ್ತಿತ್ತು. ಆದರೆ ಬಸ್ ಓಡಿಸುವವನಿಗೆ ಎಂಜಿನ್ನಿನ ಸಂಗತಿ ತಾನೇನು ಹೇಳುವುದು ಎಂದು ಬಿಟ್ಟಳಂತೆ. ಅಷ್ಟರಲ್ಲಿ ಗಗನಸಖಿ ಬೆಲ್ಟು ತೋರಿಸಿ, ಬಾಗಿಲು ತೋರಿಸಿ ಇಂಗ್ಲಿಷಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳಿದಳು. ಕನ್ನಡದ ನೆಲದಿಂದ ಏಳುವ ವಿಮಾನ, ಒಳಗೆ ಅರ್ಧಕ್ಕರ್ಧ ನಮ್ಮ ಜನ. ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಎಂಬುದನ್ನು ಅವರಿಗೆ ತಿಳಿಯದ ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುತ್ತಾರೆ. ಆ ಹುಡುಗಿಯದೇನೂ ತಪ್ಪಿಲ್ಲ, ಕಲಿಸಿದ್ದನ್ನು ಒಪ್ಪಿಸುತ್ತಾಳೆ. ನಮ್ಮ ಮಾತನ್ನು ಕಲಿಸುವ ಅಗತ್ಯವೇ ಇಲ್ಲವೆಂದು ತಂಪು ಕೋಣೆಯಲ್ಲಿ ಕೂತು ತೀರ್ಮಾನಿಸಿದವರನ್ನು ನಾನು ಕೇಳುವುದು: ನಿಮ್ಮ ತಾಯಿಯನ್ನು ಹೀಗೆ ಕೂರಿಸಿ ಕಳಿಸುತ್ತೀರಾ?

ವಿಮಾನ ಓಡಿತು. ಎಂಜಿನ್ನು ಒದರಿದ ಒದರುವಿಕೆಗೆ ಬೇರೆಯವರು ಕಣ್ಣು ಮುಚ್ಚಿದರೆ ಉಚ್ಚಂಗೆಪ್ಪನ ಮುಖ ಅರಳಿತು. "ಹಾಂ! ಹಿಂಗ ಒದರಬೇಕು!" ಅಂದ. ನೆಲ ಬಿಟ್ಟಿತು. ಹೊಲ, ಗುಡ್ಡ, ಗಣಿಯ ಕೆಂಪು ಹೊಂಡಗಳು ಕೆಳಗೆ ಸರಿದವು. ಎಂಜಿನ್ ಇನ್ನೂ ಒದರುತ್ತಿತ್ತು. ಜೀವ ಇದೆ.

ಆಮೇಲೆ ಸದ್ದು ಇಳಿಯಿತು.

ಸ್ವಲ್ಪವಲ್ಲ, ತಟ್ಟನೆ. ಗುಂಯ್ಯೆನ್ನುತ್ತಿದ್ದದ್ದು ಗೊರಗೊರ ಆಯಿತು. ವಿಮಾನ ಒಂದು ಸಲ ಹಗುರಾದ ಹಾಗೆ ತೇಲಿತು.

"ನ್ಯೂಟ್ರಲ್ ಹಾಕ್ಯಾನ!"

ಇಡೀ ವಿಮಾನ ತಿರುಗಿ ನೋಡಿತು. ಉಚ್ಚಂಗೆಪ್ಪ ಬೆಲ್ಟು ಕಿತ್ತು ಎದ್ದಿದ್ದ. ತಲೆ ಚಾವಣಿಗೆ ಬಡಿದದ್ದೂ ಅವನಿಗೆ ಗೊತ್ತಾಗಲಿಲ್ಲ. "ಡೀಸೆಲ್ ಉಳಿಸಾಕ ನ್ಯೂಟ್ರಲ್ ಹಾಕ್ಯಾನ್ರೀ! ಏ ಡ್ರೈವರಾ! ಗೇರಿಗೆ ಹಾಕೋ! ಗೇರಿಗೆ ಹಾಕೋ ಮಾರಾಯಾ, ಜನಾ ಅದಾರ ಹಿಂದ!"

ಗಗನಸಖಿ ತನ್ನ ಸೀಟಿನಿಂದಲೇ ಕೂಗಿದಳು. ಹುಡುಗರ ಮೊಬೈಲುಗಳು ಎದ್ದವು. ಅವನು ಮುಂದಿದ್ದ ಪೈಲಟ್ಟನ ಕೋಣೆಯ ಬಾಗಿಲಿನ ಕಡೆ ಹೋಗಲು ಕಾಲೆತ್ತಿದ. ಸುಕನ್ಯಾ ಎದುರಿನ ಸೀಟಿಗೆ ತನ್ನ ಕಾಲು ಅಡ್ಡ ಕೊಟ್ಟು, ಹೆಗಲ ಕಂಬಳಿಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಅವನು ಸೀಟಿನ ಮೇಲೆ ದೊಪ್ಪನೆ ಬಿದ್ದ.

"ಉಚ್ಚಂಗೆಪ್ಪಾ! ಕೇಳ್ರಿ ಇಲ್ಲೆ. ನೀವು ಆ ಬಾಗಿಲ ಮುಟ್ಟಿದ್ರ ವಿಮಾನ ಹೊಳ್ಳಿ ಇಳಿಸ್ತಾರ. ಪೊಲೀಸರ ಕೈಯಾಗ ಕೊಡ್ತಾರ. ನಿಮ್ಮ ತಂಗೀಗ ಭಂಡಾರ ಯಾರು ಹಚ್ಚಬೇಕು, ಪೊಲೀಸಪ್ಪನಾ?"

ಅವನು ಮತ್ತೆ ಏಳಲಿಲ್ಲ. ಬೆವರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಕೈ ತಾನಾಗಿ ಪಂಚೆಯ ಗಂಟಿಗೆ ಹೋಯಿತು.

"ಸಪ್ಪಳ ಇಳದೈತಿ ಅಕ್ಕಾರ. ನನ್ನ ಕಿವಿ ಸುಳ್ಳು ಹೇಳಂಗಿಲ್ಲ."

"ಇಳದೈತಿ. ಯಾರು ಇಲ್ಲ ಅಂದ್ರು? ನೀವು ಹೇಳ್ರಿ ನನಗ. ಕೂಡ್ಲಿಗಿ ಸ್ಟ್ಯಾಂಡಿನಿಂದ ಲೋಡ್ ಗಾಡಿ ಎಬ್ಬಿಸುವಾಗ ಯಾವ ಗೇರು?"

"ಫಸ್ಟು. ಆಮ್ಯಾಲ ಸೆಕೆಂಡು."

"ಎಂಜಿನ್ ಏನಂತೈತಿ ಆಗ?"

"ಒದರ್ತೈತಿ."

"ಊರು ದಾಟಿ ಟಾಪ್ ಗೇರಿಗೆ ಹಾಕಿದ ಮ್ಯಾಲ?"

ಉಚ್ಚಂಗೆಪ್ಪ ಕಿಟಕಿಯ ಆಚೆ ನೋಡಿದ. ಪಂಖ ತಿರುಗುತ್ತಲೇ ಇತ್ತು. ಕೆಳಗಿನ ಕೆರೆಯೊಂದು ಇನ್ನೂ ಸಣ್ಣದಾಗುತ್ತಿತ್ತು, ಅಂದರೆ ವಿಮಾನ ಇನ್ನೂ ಏರುತ್ತಿತ್ತು. ಕಿವಿಯನ್ನು ಗಾಜಿಗೆ ಹಚ್ಚಿದ. ಬಹಳ ಹೊತ್ತು ಹಚ್ಚಿಕೊಂಡೇ ಇದ್ದ.

"ಟಾಪ್ ಗೇರು," ಅಂದ ಮೆಲ್ಲಗೆ.

"ಹೂಂ."

"ಎಂಜಿನ್ ಹಿಡಕೊಂಡೈತಿ. ಬಿಟ್ಟಿಲ್ಲ."

"ಬಿಟ್ಟಿಲ್ಲ. ಪ್ರತಿ ಸಲನೂ ಹಿಂಗ. ಎಬ್ಬಿಸಾಕ ಜೋರು ಬೇಕು, ಎದ್ದ ಮ್ಯಾಲ ಬ್ಯಾಡ. ಮೊದಲ ಸಲ ನಾನೂ ಇಲ್ಲೇ ಜೀವ ಬಿಟ್ಟಿದ್ದೆ. ನಿಮ್ಮಂಗ ಒದರಲಿಲ್ಲ, ಪಕ್ಕದಾಗಿದ್ದ ಮುದುಕನ ಕೈ ಚಿವುಟಿದ್ದೆ."

ಉಚ್ಚಂಗೆಪ್ಪ ಬೆಲ್ಟು ಹಾಕಿಕೊಂಡ. ಬಂದ ಗಗನಸಖಿಗೆ ಸುಕನ್ಯಾ ತಂಗಿಯ ವಿಷಯ ಹೇಳಿ ಕ್ಷಮೆ ಕೇಳಿದಳು. ಆ ಹುಡುಗಿ ಒಂದು ಬಾಟಲಿ ನೀರು ತಂದುಕೊಟ್ಟು, ಇವನ ಭುಜ ಮುಟ್ಟಿ ಹೋದಳು. ಮುಟ್ಟುವುದಕ್ಕೆ ಭಾಷೆ ಬೇಕಾಗಲಿಲ್ಲ.

ನೀರು ಕುಡಿದವನೇ ಅವನು ಪೂರ್ತಿ ಡ್ರೈವರಾಗಿ ಕೇಳಿದ, "ಇನ್ನೇನೇನು ಐತ್ರಿ ಅಕ್ಕಾರ? ಎಲ್ಲಾ ಈಗ ಹೇಳಿಬಿಡ್ರಿ. ಗೊತ್ತಿಲ್ಲದ ರಸ್ತಿ, ತಿರುವು ಮೊದಲ ಗೊತ್ತಿರಬೇಕು."

ಅವಳು ಚೀಲದಿಂದ ಪುಟಾಣಿ ಕಡಲೆ ತೆಗೆದು ಅವನ ಅಂಗೈಗೆ ಹಾಕಿದಳು. "ಮೊದಲು ಇದನ್ನ ಅಗೀರಿ, ಕಿವಿ ಕಟ್ಟಂಗಿಲ್ಲ. ಇದು ಸಣ್ಣ ವಿಮಾನ, ದೊಡ್ಡ ವಿಮಾನದಷ್ಟು ಮ್ಯಾಲ ಹೋಗಂಗಿಲ್ಲ. ಮಧ್ಯಾಹ್ನದ ಕಾವು, ಮೋಡ, ಎಲ್ಲಾ ಇದರ ದಾರ್ಯಾಗ ಬರ್ತಾವ. ಕುಲುಕತೈತಿ."

"ಗುಂಡಿ."

"ಗುಂಡಿ. ಒಮ್ಮೊಮ್ಮೆ ಕೆಳಗ ಬಿದ್ದಂಗ ಆಗ್ತೈತಿ. ಬೀಳಂಗಿಲ್ಲ. ಬೆಲ್ಟು ಬಿಗಿ ಇರಲಿ."

"ಆಮ್ಯಾಲ?"

"ಇಳಿಯೋ ಮುಂದ ಮತ್ತ ಸಪ್ಪಳ ಕಮ್ಮಿ ಆಗ್ತೈತಿ. ಈಗಿನದಕ್ಕಿಂತ ಕಮ್ಮಿ."

ಅವನ ಅಗಿಯುವ ದವಡೆ ನಿಂತಿತು. "ಅದು ಖರೇನ ಇಳಿಜಾರು."

"ಇಳಿಜಾರಿನ್ಯಾಗ ನೀವೇನು ಮಾಡ್ತೀರಿ?"

"ನಾನಾ? ಸತ್ರೂ ನ್ಯೂಟ್ರಲ್ ಹಾಕಂಗಿಲ್ಲ. ಗೇರಿನ್ಯಾಗ ಇಟ್ಟು ಕಾಲು ತಗೀತೀನಿ. ಎಂಜಿನ್ನ ಗಾಡೀನ ಹಿಡೀತೈತಿ."

"ಇವನೂ ನಿಮ್ಮಂಥಾವನ. ಕಾಲು ತಗದಿರ್ತಾನ, ಗೇರು ಬಿಟ್ಟಿರಂಗಿಲ್ಲ."

ಉಚ್ಚಂಗೆಪ್ಪ ಮುಂದಿನ ಮುಚ್ಚಿದ ಬಾಗಿಲನ್ನು ಮೊದಲ ಸಲ ಮರ್ಯಾದೆಯಿಂದ ನೋಡಿದ. ಆ ಡ್ರೈವರನ ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಆದರೂ ಅವನು ಕಾಲು ಎಲ್ಲಿ ಇಟ್ಟಿದ್ದಾನೆ ಎಂಬುದು ಈಗ ಗೊತ್ತು.

ಗುಂಡಿಗಳು ಬಂದವು. ಒಂದು ಸಲವಂತೂ ವಿಮಾನ ಮಗ್ಗುಲಿಗೆ ವಾಲಿ ಕೆಳಕ್ಕೆ ಕುಸಿಯಿತು. ಹಿಂದಿನ ಸಾಲಿನಿಂದ ಅಯ್ಯಯ್ಯೋ ಎಂಬ ಎಳೆಯ ದನಿ ಕೇಳಿತು. ಉಚ್ಚಂಗೆಪ್ಪ ತಿರುಗಿ ನೋಡಿದ. ಮೊಬೈಲು ಹಿಡಿದಿದ್ದ ಹುಡುಗರಲ್ಲಿ ಒಬ್ಬ ಈಗ ಎರಡೂ ಕೈಯಲ್ಲಿ ಸೀಟು ಹಿಡಿದು ಬಿಳಿಚಿಕೊಂಡಿದ್ದ.

"ಏನಿಲ್ಲಪಾ ತಮ್ಮಾ, ಗುಂಡಿ. ಇದಕ್ಕ ಶಾಕ್ ಅಬ್ಸರ್ ಇಲ್ಲ ನೋಡು," ಎಂದು ಅವನಿಗೂ ನಾಲ್ಕು ಪುಟಾಣಿ ಕೊಟ್ಟ. ಹುಡುಗ ಇಸಿದುಕೊಂಡ. ನ್ಯಾಯವೆಂದರೆ ಅಷ್ಟು ಸಣ್ಣದೂ ಇರುತ್ತದೆ.

ಇಳಿಯುವಾಗ ಸದ್ದು ಮತ್ತೆ ಕುಗ್ಗಿತು. ಅವನ ಬೆರಳುಗಳು ಗಂಟನ್ನು ಹಿಡಿದವು, ಆದರೆ ಬೆಲ್ಟಿನ ಕಡೆ ಹೋಗಲಿಲ್ಲ. ಕಣ್ಣು ಮುಚ್ಚಿ ಕೇಳುತ್ತ, "ಹಿಡಕೊಂಡೈತಿ... ಹಿಡಕೊಂಡೈತಿ..." ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದನಂತೆ. ಕಿಟಕಿಯ ಕೆಳಗೆ ವಿಮಾನದ ಹೊಟ್ಟೆ ತೆರೆದು ಗಾಲಿ ಹೊರಬಂದಾಗ ಕಾಲಡಿ ದಡ್ಡೆಂದಿತು. "ಗಾಲಿ ಬಂತ್ರಿ!" ಎಂದು ಅವನು ಕೂಗಿದ್ದಕ್ಕೆ ವಿಮಾನದ ಮಂದಿಯೆಲ್ಲ ನಕ್ಕರು. ಈ ಸಲ ಅವನೂ ನಕ್ಕ. ನೆಲ ಮುಟ್ಟಿದ ಮೇಲೆ ಪಂಖಗಳು ಉಲ್ಟಾ ಗಾಳಿ ತಳ್ಳುತ್ತ ಜೋರಾಗಿ ಗುರ್ರೆಂದವು. ಅದನ್ನೂ ಅವಳು ಮೊದಲೇ ಹೇಳಿದ್ದಳು.

"ಹೋಗ್ರಿ, ಓಡ್ರಿ," ಸುಕನ್ಯಾ ಹೊರಬಾಗಿಲಿನಲ್ಲಿ ಅವನನ್ನು ತಾನೇ ಒಂದು ಟ್ಯಾಕ್ಸಿಗೆ ಹತ್ತಿಸಿದಳು. ಅವನು ಹಿಂದಿನ ಸೀಟಿನಲ್ಲಿ ಕೂತ. ಆ ಡ್ರೈವರನ ಕೈಯಿಂದ ಸ್ಟೇರಿಂಗು ಕೇಳಲಿಲ್ಲ.

ಆಸ್ಪತ್ರೆಯ ಮೂರನೇ ಮಾಳಿಗೆಯಲ್ಲಿ ಶಿವಲೀಲಾ ಅಳುತ್ತ ಓಡಿಬಂದಳು. "ಈಗ ಒಯ್ತೀವಿ ಅಂತಾರ ಮಾಮಾ, ಅಕಿ ಮಂಚದ ಕಂಬಿ ಬಿಡವಲ್ಲಳು."

ಭರಮಮ್ಮ ಹಸಿರು ಅಂಗಿಯಲ್ಲಿ ಸಣ್ಣವಳಾಗಿ ಕಂಡಳು. ಅಣ್ಣನನ್ನು ಕಂಡು, "ಬಂದ್ಯಾ? ಇಷ್ಟು ಹೊತ್ತು ಎಲ್ಲಿ ಸತ್ತಿದ್ದಿ?" ಅಂದಳು. ಏದುಸಿರಿನಲ್ಲೂ ಬೈಗುಳ ಬೈಗುಳವೇ.

ಹಣೆಗೆ ಏನೂ ಹಚ್ಚುವ ಹಾಗಿಲ್ಲ, ತೊಳೆದು ಸ್ವಚ್ಛ ಮಾಡಿಯಾಗಿದೆ ಎಂದು ನರ್ಸು ತೆಲುಗಿನಲ್ಲಿ ಅಡ್ಡ ಬಂದಳು. ಉಚ್ಚಂಗೆಪ್ಪನಿಗೆ ತೆಲುಗು ಬರುತ್ತದೆ, ನಮ್ಮ ಕಡೆ ಯಾರಿಗೆ ಬರುವುದಿಲ್ಲ? ಹಚ್ಚಿದ ಮೇಲೆ ನೀವು ಒರೆಸಿಬಿಡಿ ತಾಯಿ ಎಂದು ಒಪ್ಪಿಸಿದ. ಹಚ್ಚಿದ. ನರ್ಸು ಒದ್ದೆ ಹತ್ತಿಯಿಂದ ಒರೆಸಿದಳು.

"ಒರಸಿಬಿಟ್ಲಲ್ಲೋ," ಭರಮಮ್ಮ ಅಂದಳು.

"ಒರಸಿದ್ರೂ ಹಚ್ಚಿದ್ದು ಹಚ್ಚಿದ್ದ. ಏಳಿನ್ನ."

ಅವಳು ಏಳಲಿಲ್ಲ. ಕೈ ಇನ್ನೂ ಮಂಚದ ಕಂಬಿಯನ್ನು ಹಿಡಿದಿತ್ತು. ಉಚ್ಚಂಗೆಪ್ಪ ಆ ಕೈಯನ್ನು ನೋಡಿದ. ಅಂಥದೇ ಒಂದು ಕೈ ಇವತ್ತು ಮಧ್ಯಾಹ್ನ ಮುಂದಿನ ಸೀಟನ್ನು ಹಿಡಿದದ್ದನ್ನು ಅವನು ಬಲ್ಲ. ಭಂಡಾರ ಅವಳನ್ನು ಇಲ್ಲಿತನಕ ತಡೆದು ನಿಲ್ಲಿಸಿತ್ತು. ಮುಂದಕ್ಕೆ ಕಳಿಸಲು ಬೇಕಾದದ್ದು ಬೇರೆ.

ನರ್ಸಿನ ಕಡೆ ತಿರುಗಿದ. "ಅಮ್ಮಾ, ಒಳಗೆ ಏನೇನಾಗುತ್ತದೆ, ಒಂದೊಂದಾಗಿ ಹೇಳು. ನಾನು ನಮ್ಮ ಮಾತಿನಲ್ಲಿ ಇವಳಿಗೆ ಹೇಳುತ್ತೇನೆ" ಎಂದ ತೆಲುಗಿನಲ್ಲಿ. ಸಮಯವಿಲ್ಲ ಎಂದಳು ನರ್ಸು. "ಇವಳು ಎದ್ದು ನಡೆದರೆ ನಿನಗೆ ಸಮಯ ಉಳಿಯುತ್ತದಲ್ಲ?" ಎಂದ. ನರ್ಸು ಗಡಿಯಾರ ನೋಡಿ, ಭರಮಮ್ಮನನ್ನು ನೋಡಿ, ಮಂಚದ ಅಂಚಿಗೆ ಕೂತಳು.

ಒಳಗೆ ತಣ್ಣಗಿರುತ್ತದೆ. ನೆತ್ತಿಯ ಮೇಲೆ ದೊಡ್ಡ ದೀಪ. ಕೈಗೆ ಸೂಜಿ, ಆಮೇಲೆ ನಿದ್ದೆ. ಎದ್ದಾಗ ಬಾಯಲ್ಲಿ ಒಂದು ಕೊಳವೆ ಇರುತ್ತದೆ, ಮಾತಾಡಲಿಕ್ಕೆ ಬರುವುದಿಲ್ಲ, ಅದನ್ನು ಕೀಳಬಾರದು, ಉಸಿರಿಗೆಂದು ಹಾಕಿದ್ದು, ಮರುದಿನ ತೆಗೆಯುತ್ತಾರೆ. ಸುತ್ತ ಯಂತ್ರಗಳು ಟಿಕ್ ಟಿಕ್ ಅನ್ನುತ್ತಿರುತ್ತವೆ.

"ಬಾಯಾಗ ಕೊಳವಿ!" ಭರಮಮ್ಮ ಎದ್ದು ಕೂತಳು. "ಆಚೆ ವಾರ್ಡಿನ್ಯಾಗ ಒಬ್ಬಾಕೀಗ ಹಂಗ ಇತ್ತು. ನಾ ಅಕಿ ಸತ್ತಾಳ ಅಂತ ಮಾಡಿದ್ದೆ! ಎಲ್ಲಾರಿಗೂ ಹಾಕ್ತಾರ?"

"ಎಲ್ಲಾರಿಗೂ."

"ಹಂಗಾರ ಮೊದಲ ಯಾಕ ಹೇಳಲಿಲ್ಲ ಇವ್ರು?"

ಇದೇ ನನ್ನ ಪ್ರಶ್ನೆಯೂ. ಮೊದಲೇ ಯಾಕೆ ಹೇಳುವುದಿಲ್ಲ?

"ಕೇಳಲೇ ಭರಮೀ," ಉಚ್ಚಂಗೆಪ್ಪ ಅವಳ ಕಿವಿಯ ಹತ್ತಿರ ಬಗ್ಗಿದ. "ಯಂತ್ರದ ಸಪ್ಪಳ ಒಮ್ಮೊಮ್ಮೆ ಇಳೀತೈತಿ. ಇಳಿದ್ರ ಹೆದರಬ್ಯಾಡ. ಅದು ನ್ಯೂಟ್ರಲ್ ಅಲ್ಲ, ಟಾಪ್ ಗೇರು. ನಾ ಇವತ್ತು ಆಕಾಶದಾಗ ನೋಡಿ ಬಂದೀನಿ." ಅಂದವನೇ ವಿಮಾನದಲ್ಲಿ ತಾನು ಕೂಗಿದ್ದು, ತಲೆ ಬಡಿಸಿಕೊಂಡದ್ದು, ಸುಕನ್ಯಾ ಕಂಬಳಿ ಹಿಡಿದು ಜಗ್ಗಿದ್ದು ಎಲ್ಲ ಹೇಳಿದ.

ಭರಮಮ್ಮ ನಕ್ಕಳು. ಎದೆ ಹಿಡಿದುಕೊಂಡು ನಕ್ಕಳು. ನರ್ಸು ಸಾಕು ಸಾಕು ಎಂದಳು. ನಗುತ್ತಲೇ ಕಂಬಿ ಬಿಟ್ಟು ತಳ್ಳುಮಂಚದ ಮೇಲೆ ಮಲಗಿ, "ನಡ್ರಿ" ಎಂದಳು.

ಬಾಗಿಲು ಮುಚ್ಚಿತು. ಅಣ್ಣ ಹೊರಗೆ ಕಂಬಳಿ ಹಾಸಿಕೊಂಡು ಗೋಡೆಗೆ ಒರಗಿ ಕೂತ. ಆಪರೇಶನ್ ಚೆನ್ನಾಗಿ ಆಯಿತೆಂದು ಡಾಕ್ಟರು ಬಂದು ಹೇಳಿದರೂ, ಕಣ್ಣಾರೆ ಕಾಣದೆ ನಂಬುವುದಿಲ್ಲ ಎಂದ.

ಮರುದಿನ ಬೆಳಿಗ್ಗೆ ಗಾಜಿನ ಆಚೆಯಿಂದ ನೋಡಲು ಬಿಟ್ಟರು. ಭರಮಮ್ಮನ ಬಾಯಲ್ಲಿ ಕೊಳವೆ, ಸುತ್ತ ಟಿಕ್ ಟಿಕ್ ಎನ್ನುವ ಡಬ್ಬಗಳು. ಕಣ್ಣು ತೆರೆದಿದ್ದಳು. ಕೊಳವೆಗೆ ಕೈ ಹಾಕಿರಲಿಲ್ಲ. ಅಣ್ಣನನ್ನು ಗುರುತಿಸಿದಳು. ಮಾತಾಡಲು ಬರದ ಅವಳು ಸೂಜಿ ಚುಚ್ಚಿದ ಎಡಗೈಯನ್ನು ಹಾಸಿಗೆಯಿಂದ ಸ್ವಲ್ಪವೇ ಎತ್ತಿ, ಮುಷ್ಟಿ ಮಾಡಿ, ಕಾಣದ ಗೇರಿನ ಹಿಡಿಯೊಂದನ್ನು ಮೆಲ್ಲಗೆ ಟಾಪಿಗೆ ಹಾಕಿದಳು.